ಮಳೆಗಾಲದ ಸೀನು, ಉಬ್ಬಸ ಮತ್ತು ನಮ್ಮ ಮನೆಯೊಳಗಿನ ಗಾಳಿ



ಜೂನ್ ತಿಂಗಳಲ್ಲಿ ಮಳೆ ಹಿಡಿದುಕೊಂಡಿತೆಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಸೀನು, ಮೂಗು ಸೋರುವುದು, ರಾತ್ರಿಯ ಕೆಮ್ಮು, ಮಕ್ಕಳಿಗೆ ಉಬ್ಬಸ ಇವೂ ಜೊತೆಗೇ ಬರುತ್ತವೆ. ಶೀತವೆಂದು ಹೇಳಿ ಕಷಾಯ ಕುಡಿದು ಸುಮ್ಮನಾಗುವುದು ರೂಢಿ. ಆದರೆ ಜ್ವರವಿಲ್ಲದೆ, ಪ್ರತಿವರ್ಷ ಅದೇ ಕಾಲಕ್ಕೆ ಬಂದು, ವಾರಗಟ್ಟಲೆ ಬಿಡದೆ, ಬೆಳಗಿನ ಜಾವ ಹೆಚ್ಚಾಗುವ ತೊಂದರೆ ಬಹುಮಟ್ಟಿಗೆ ಅಲರ್ಜಿಯೇ. ಅದರ ಮೂಲ ಅನೇಕ ವೇಳೆ ನಾವು ಮಲಗುವ ಕೋಣೆಯಲ್ಲೇ ಇರುತ್ತದೆ.

ಹಾಸಿಗೆಯೊಳಗಿನ ನುಸಿ

ತೆಂಗಿನ ನುಸಿಯನ್ನು ನಾವೆಲ್ಲ ಬಲ್ಲೆವು. ಅದರ ದೂರದ ಸಂಬಂಧಿಯೊಂದು ಹಾಸಿಗೆ, ದಿಂಬು, ಕಂಬಳಿಗಳಲ್ಲಿ ವಾಸವಾಗಿದೆ. ಮನೆಯ ಧೂಳಿನಿಂದಾಗುವ ಅಲರ್ಜಿಗೆ ಈ ನುಸಿಯೇ ಮುಖ್ಯ ಕಾರಣವೆಂದು 1964ರಲ್ಲಿ ಹಾಲೆಂಡಿನ ಸಂಶೋಧಕರು ತೋರಿಸಿಕೊಟ್ಟರು. ಅದರ ಉದ್ದ ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಆಹಾರ. ಅದು ಕಚ್ಚುವುದಿಲ್ಲ, ಅದರ ಹಿಕ್ಕೆ ಗಾಳಿಯಲ್ಲಿ ಬೆರೆತು ಮೂಗು ಸೇರಿದಾಗ ಅಲರ್ಜಿ ಕೆರಳುತ್ತದೆ.

ಈ ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ಗಾಳಿಯ ತೇವಾಂಶ ಶೇಕಡಾ 50ಕ್ಕಿಂತ ಕೆಳಗೇ ನಿಂತರೆ ಅದು ಒಣಗಿ ಸಾಯುತ್ತದೆ. 70-80 ಇದ್ದರೆ ಚೆನ್ನಾಗಿ ಹೆಚ್ಚುತ್ತದೆ. ಆಗುಂಬೆಯಂಥ ಊರಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವಾಗ ನುಸಿಗೆ ಇನ್ನೇನು ಬೇಕು? ಇದೇ ತೇವದಲ್ಲಿ ಗೋಡೆಗೆ, ಕಪಾಟಿನ ಹಿಂದಕ್ಕೆ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಕಣಗಳೂ ಅಲರ್ಜಿಗೆ ಕಾರಣವೇ.

ಗೋದಾಮಿನ ಪಾಠ

ಕಾಫಿಯನ್ನು ಹತ್ತು-ಹನ್ನೊಂದು ಶೇಕಡಾ ತೇವಕ್ಕೆ ಒಣಗಿಸುತ್ತೇವೆ. ಮೂಟೆಯನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡುತ್ತೇವೆ, ಗೋಡೆಯಿಂದ ದೂರ ಸರಿಸುತ್ತೇವೆ, ಸೋರುವ ಹೆಂಚನ್ನು ಮೊದಲೇ ಬದಲಿಸುತ್ತೇವೆ. ಇಷ್ಟು ಬಲ್ಲ ನಾವು ಮಕ್ಕಳ ಹಾಸಿಗೆಯನ್ನು ಮಾತ್ರ ಒದ್ದೆ ಗೋಡೆಗೆ ಒತ್ತಿ ಹಾಸುತ್ತೇವೆ! ಮೂಟೆಗೆ ತೋರುವ ಕಾಳಜಿಯನ್ನೇ ಮಲಗುವ ಕೋಣೆಗೂ ತೋರಿಸಿದರೆ ಅರ್ಧ ಕೆಲಸ ಆದಂತೆ.

ಮಂಚ, ಕಪಾಟುಗಳನ್ನು ಗೋಡೆಯಿಂದ ಒಂದು ಗೇಣು ದೂರವಿಡಿ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿ ನೀರಿನಲ್ಲಿ ಒಗೆಯಿರಿ. ತಣ್ಣೀರಿಗೆ ನುಸಿ ಸಾಯುವುದಿಲ್ಲ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವಬೇಡಿ, ಅದರ ನೀರೆಲ್ಲ ಅಲ್ಲಿಯ ಗಾಳಿಗೇ ಸೇರುತ್ತದೆ. ಬೂಷ್ಟನ್ನು ಸಾಬೂನಿನ ನೀರಿನಿಂದ ಉಜ್ಜಿ ತೆಗೆದು, ಸೋರಿಕೆ ನಿಲ್ಲಿಸಿ, ಗೋಡೆ ಒಣಗಿದ ಮೇಲೆ ಸುಣ್ಣ ಹೊಡೆಯಿರಿ. ಬೂಷ್ಟಿನ ಮೇಲೆಯೇ ಬಣ್ಣ ಬಳಿದರೆ ಮುಂದಿನ ಮಳೆಗೆ ಅದು ಮತ್ತೆ ಹಾಜರು.

ಕಿಟಕಿಯ ವಿಷಯದಲ್ಲಿ ವಿವೇಚನೆ ಬೇಕು. ಜಡಿಮಳೆಯಲ್ಲಿ, ಮಂಜು ಕವಿದಾಗ ಕಿಟಕಿ ತೆರೆದರೆ ಹೊರಗಿನ ತೇವವೇ ಒಳಗೆ ಬರುತ್ತದೆ. ಮಳೆ ಹೊಳವಾಗಿ ಬಿಸಿಲು ಕಂಡ ಕೂಡಲೇ ಎದುರುಬದುರು ಕಿಟಕಿಗಳನ್ನು ಒಂದು ಗಂಟೆ ತೆರೆದಿಡಿ. ಹಳೆಯ ಹೆಂಚಿನ ಮನೆಯಲ್ಲಿ ಸಂದಿಗಳಿಂದ ಗಾಳಿ ತಾನಾಗಿ ಓಡಾಡುತ್ತಿತ್ತು, ಆರ್‌.ಸಿ.ಸಿ. ಮನೆಯಲ್ಲಿ ಆ ಕೆಲಸ ನಾವೇ ಮಾಡಬೇಕು.

ಬೆಳೆಯ ಧೂಳು

ಜಾಗ ಸಾಲದೆಂದು ಅಡಿಕೆ, ಕಾಫಿ, ಮೆಣಸಿನ ಮೂಟೆಗಳನ್ನು ಮನೆಯೊಳಗೇ ಪೇರಿಸುವವರು ಬಹಳ. ಹಸಿರು ಕಾಫಿಬೀಜದ ಧೂಳಿನಿಂದ ಅಲರ್ಜಿ, ಉಬ್ಬಸ ಬರುವುದು ಕ್ಯೂರಿಂಗ್ ಕೆಲಸಗಾರರಲ್ಲಿ ಕಂಡುಬಂದಿರುವ ಸಂಗತಿ. ಗೋಣಿಚೀಲದ ಜುಂಗು, ಬೂಷ್ಟು ಹಿಡಿದ ಒಣಹುಲ್ಲು, ಚಾಲಿ ಅಡಿಕೆ ಸುಲಿಯುವಾಗಿನ ಧೂಳು ಇವೂ ಶ್ವಾಸಕ್ಕೆ ಒಳ್ಳೆಯವಲ್ಲ. ಮೂಟೆಗಳನ್ನು ಮಲಗುವ ಕೋಣೆಯಿಂದ ಮೊದಲು ಹೊರಗೆ ಹಾಕಿ. ಸುಲಿಯುವ, ಕೇರುವ ಕೆಲಸ ಅಂಗಳದಲ್ಲಿ, ಗಾಳಿಗೆ ಬೆನ್ನು ಮಾಡಿ ನಡೆಯಲಿ. ಬಾಯಿಗೆ ಟವೆಲ್ ಸುತ್ತಿದರೆ ನವಿರು ಧೂಳು ನಿಲ್ಲದು; ಎನ್-95 ಮುಖಗವಸು ಬೇಕು. ಕೆಲಸ ಮುಗಿಸಿದವರು ಬಟ್ಟೆ ಬದಲಿಸಿಯೇ ಮಲಗುವ ಕೋಣೆಗೆ ಹೋಗಲಿ.

ಹೊಗೆ

ಹೊಗೆ ಅಲರ್ಜಿಯ ಮೂಲವಲ್ಲದಿದ್ದರೂ ಕೆರಳಿದ ಶ್ವಾಸನಾಳವನ್ನು ಇನ್ನಷ್ಟು ಕೆರಳಿಸುತ್ತದೆ. ಅಟ್ಟದ ಮರಕ್ಕೆ ಹುಳ ಹಿಡಿಯದಿರಲು ಹೊಗೆ ಬೇಕೆಂದು ಹಿರಿಯರು ಹೇಳುತ್ತಿದ್ದುದರಲ್ಲಿ ಹುರುಳಿದೆ. ಆದರೆ ಮರಕ್ಕಾದ ಉಪಕಾರಕ್ಕೆ ಬೆಲೆ ತೆತ್ತದ್ದು ಒಲೆಯ ಮುಂದೆ ಕುಳಿತ ಹೆಂಗಸರ ಶ್ವಾಸಕೋಶ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಅಡಿಗೆಮನೆಗೆ ಗ್ಯಾಸ್ ಬಂದ ಮನೆಗಳಲ್ಲೂ ಬಚ್ಚಲ ಒಲೆ ಉರಿಯುತ್ತಲೇ ಇದೆ. ಅದಕ್ಕೆ ಸೂರಿಗಿಂತ ಎತ್ತರದ ಹೊಗೆಗೂಡು ಕಟ್ಟಿಸಿ. ಸೌದೆ, ಅಡಿಕೆಸಿಪ್ಪೆಗಳನ್ನು ಮಳೆಗೆ ಮುಂಚೆ ಒಣಗಿಸಿಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ನಮ್ಮ ರಾಜ್ಯದ್ದೇ ಕೊಡುಗೆ. ಸೊಳ್ಳೆಬತ್ತಿಯನ್ನೂ ಮರೆಯಬಾರದು. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ನವಿರು ಹೊಗೆಕಣ ಹೊರಡುತ್ತದೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಸೊಳ್ಳೆಪರದೆಯೇ ಲೇಸು.

ಲೈನ್ ಮನೆಗಳು

ಅಡಿಗೆ, ನಿದ್ರೆ, ಒದ್ದೆ ಕಂಬಳಿ ಎಲ್ಲವೂ ಒಂದೇ ಕೋಣೆಯಲ್ಲಿರುವ ಲೈನ್ ಮನೆಗಳತ್ತಲೂ ನಮ್ಮ ಗಮನ ಹರಿಯಬೇಕು. ಅಲ್ಲಿ ಹೊಗೆಗೂಡು, ಸೋರದ ಮಾಡು, ತೆರೆಯಬಲ್ಲ ಕಿಟಕಿ ಒದಗಿಸುವುದು ತೋಟದ ಮಾಲೀಕರ ಹೊಣೆ. ನಮ್ಮ ಫಸಲು ಕೊಯ್ಯುವವರ ಮಕ್ಕಳೂ ಉಸಿರಾಡುವುದು ಅಲ್ಲಿಯ ಗಾಳಿಯನ್ನೇ.

ವೈದ್ಯರ ಅಗತ್ಯ

ಇವೆಲ್ಲ ಔಷಧಕ್ಕೆ ಬದಲಿಯಲ್ಲ. ಉಸಿರಿನಲ್ಲಿ ಸಿಳ್ಳೆಯಂಥ ಸದ್ದು, ರಾತ್ರಿ ಎದ್ದು ಕೂರುವಂಥ ಕೆಮ್ಮು ಇದ್ದರೆ ವೈದ್ಯರನ್ನು ಕಾಣಿ. ಇನ್‌ಹೇಲರ್ ಚಟವಾಗುತ್ತದೆಂಬ ಭಯ ಬೇಡ. ಕೆಮ್ಮು ಎರಡು ವಾರ ಮೀರಿದರೆ ಕ್ಷಯದ ಪರೀಕ್ಷೆ ಮಾಡಿಸಲೇಬೇಕು.

ಮಳೆ ಕೂತ ಮೇಲೆ ಮಾಡಬಹುದಾದದ್ದು ಕಡಿಮೆ. ಹಾಸಿಗೆ, ಕಂಬಳಿಗಳನ್ನು ಬಿಸಿಲಿಗೆ ಹಾಕುವುದು, ಹೆಂಚು ಕೈಯಾಡಿಸುವುದು, ಸೌದೆ ಒಟ್ಟುವುದು, ಮೂಟೆ ಸಾಗಿಸುವುದು ಇವೆಲ್ಲ ಏಪ್ರಿಲ್-ಮೇ ತಿಂಗಳ ಕೆಲಸ. ಬೋರ್ಡೋ ಸಿಂಪರಣೆಗೆ ಮೈಲುತುತ್ತ, ಸುಣ್ಣ ತರಿಸುವಾಗಲೇ ಗೋಡೆಗೆಂದು ಇನ್ನೊಂದು ಚೀಲ ಸುಣ್ಣವನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.

— ಕಾರ್ಯದರ್ಶಿ