ಕುರಿಯ ಗಾಯದ ಮೇಲೊಂದು ನೀಲಿ ಲೇಪ

ದೇಹದ ಒಂದು ಭಾಗವನ್ನಷ್ಟೇ ಜೋಮುಗಟ್ಟಿಸಿ ಪ್ರಜ್ಞೆಯನ್ನು ಮುಟ್ಟದೆ ಬಿಡುವ ಔಷಧಗಳಿಗೆ ಸ್ಥಳೀಯ ಅರಿವಳಿಕೆಗಳೆಂದು ಹೆಸರು. ಅವುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಲಿಗ್ನೊಕೇನನ್ನು ಸ್ವೀಡನ್ನಿನ ರಸಾಯನ ವಿಜ್ಞಾನಿ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಸಿದ್ಧಪಡಿಸಿದರು. 1948ರಲ್ಲಿ ಅದು ಮಾರುಕಟ್ಟೆಗೆ ಬಂದು, ಹಲ್ಲು ಕೀಳುವ ವೈದ್ಯರ ಕೋಣೆಯಿಂದ ಪಶು ಆಸ್ಪತ್ರೆಯವರೆಗೆ ಎಲ್ಲೆಡೆ ನೆಲೆಯೂರಿತು. ಹೀಗಿದ್ದೂ ಕುರಿ ಸಾಕಣೆಯ ದೊಡ್ಡಿಗಳಲ್ಲಿ ಬಾಲ ಕತ್ತರಿಸುವಾಗ, ಬೀಜ ತೆಗೆಯುವಾಗ, ಚರ್ಮ ಸೀಳುವಾಗ ಆಗುವ ಗಾಯಗಳಿಗೆ ಅದರ ಉಪಕಾರ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದೊರೆಯಲಿಲ್ಲ. ಅಡ್ಡಿ ಇದ್ದದ್ದು ಔಷಧದ ಗುಣದಲ್ಲಲ್ಲ, ಕೆಲಸದ ಲೆಕ್ಕಾಚಾರದಲ್ಲಿ: ಸೂಜಿ ಹಿಡಿಯಲು ನುರಿತ ಕೈ ಬೇಕು, ಚುಚ್ಚಿದ ಮೇಲೆ ಮದ್ದು ಹಿಡಿಯುವವರೆಗೆ ಕೆಲವು ನಿಮಿಷ ಕಾಯಬೇಕು, ನೂರಾರು ಮರಿಗಳನ್ನು ಒಂದೇ ದಿನದಲ್ಲಿ ಸಾಲಾಗಿ ಮುಗಿಸುವಲ್ಲಿ ಈ ಎರಡಕ್ಕೂ ಜಾಗವಿರಲಿಲ್ಲ. ಈ ಲೆಕ್ಕವನ್ನು ಬದಲಿಸಿದ್ದು ಸೂಜಿಯಿಲ್ಲದೆ ಗಾಯದ ಮೇಲೇ ಸಿಂಪಡಿಸುವ ಲೇಪನ ಅರಿವಳಿಕೆ, ಮತ್ತು ಅದು ಮೊದಲು ಬೇರೂರಿದ್ದು ಆಸ್ಟ್ರೇಲಿಯಾದ ಮೆರಿನೋ ಕುರಿಗಳ ನಡುವೆ.

ಅಲ್ಲಿಯೇ ಏಕೆಂಬುದನ್ನು ತಿಳಿಯಲು ಆ ಕುರಿಯ ಚರ್ಮವನ್ನು ನೋಡಬೇಕು. ಚರ್ಮ ಹೆಚ್ಚಿದ್ದಷ್ಟೂ ಉಣ್ಣೆ ಹೆಚ್ಚೆಂಬ ನಂಬಿಕೆಯಿಂದ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ವರ್ಮಾಂಟ್ ಪ್ರಾಂತದ ನೆರಿಗೆ ಚರ್ಮದ ಟಗರುಗಳನ್ನು ತಂದು ಆಸ್ಟ್ರೇಲಿಯಾದ ಹಿಂಡುಗಳಿಗೆ ಕೂಡಿಸಲಾಯಿತು. ಉಣ್ಣೆ ಎಷ್ಟು ಹೆಚ್ಚಿತೋ, ನೆರಿಗೆಗಳಂತೂ ಹೆಚ್ಚಿದವು. ಬಾಲದ ಬುಡದಲ್ಲೂ ತೊಡೆಗಳ ಹಿಂಬದಿಯಲ್ಲೂ ಮಡಿಕೆಬಿದ್ದ ಚರ್ಮದೊಳಗೆ ಮೂತ್ರ ಮತ್ತು ಹಿಕ್ಕೆಯ ತೇವ ನಿಂತು, ಲೂಸಿಲಿಯಾ ಕುಪ್ರಿನಾ ಎಂಬ ಹಸಿರು ಹೊಳಪಿನ ನೊಣಕ್ಕೆ ಮೊಟ್ಟೆಯಿಡಲು ಹೇಳಿ ಮಾಡಿಸಿದ ತಾಣವಾಯಿತು. ಮೊಟ್ಟೆಯೊಡೆದು ಹುಳಗಳು ಹೊರಬರಲು ಒಂದು ದಿನ ಸಾಕು. ಹುಳಗಳು ಬದುಕಿರುವ ಮಾಂಸವನ್ನೇ ತಿನ್ನುತ್ತ ಒಳಸರಿಯುತ್ತವೆ, ಗಮನಿಸದೆ ಬಿಟ್ಟರೆ ಕೆಲವೇ ದಿನಗಳಲ್ಲಿ ಕುರಿ ಸಾಯುತ್ತದೆ. ದಕ್ಷಿಣ ಆಸ್ಟ್ರೇಲಿಯಾದ ಕುರಿ ಸಾಕಣೆಗಾರ ಜಾನ್ ಮ್ಯೂಲ್ಸ್ 1930ರ ಆಸುಪಾಸಿನಲ್ಲಿ ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಆ ನೆರಿಗೆಗಳನ್ನೇ ಕತ್ತರಿಸಿ ತೆಗೆಯುವುದು. ಗಾಯ ಮಾಯ್ದಾಗ ಉಳಿಯುವ ಕಲೆಯ ಚರ್ಮ ಬಿಗಿಯಾಗಿ ಎಳೆದುಕೊಂಡು, ಉಣ್ಣೆಯಿಲ್ಲದೆ ನುಣುಪಾಗಿರುವುದರಿಂದ ನೊಣ ಅತ್ತ ಸುಳಿಯುವುದು ಬಹಳ ಕಡಿಮೆಯಾಗುತ್ತದೆ. ಅವನ ಹೆಸರಿನಿಂದಲೇ ಈ ಕ್ರಮಕ್ಕೆ ಮ್ಯೂಲ್ಸಿಂಗ್ ಎಂಬ ಹೆಸರು ಬಂತು. ಮರಿಯನ್ನು ಅಂಗಾತ ಮಲಗಿಸಿ ಕಾಲುಗಳನ್ನು ತೊಟ್ಟಿಲಿನಂಥ ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿ, ಉಣ್ಣೆ ಕತ್ತರಿಯನ್ನು ಹೋಲುವ ಹರಿತವಾದ ಕತ್ತರಿಯಿಂದ ಎರಡೂ ಪಕ್ಕದ ಚರ್ಮವನ್ನು ಸುಲಿದು ತೆಗೆಯುವ ಈ ಕೆಲಸ ಕೈಪಳಗಿದವರಿಗೆ ಒಂದು ನಿಮಿಷವನ್ನೂ ತೆಗೆದುಕೊಳ್ಳುವುದಿಲ್ಲ. ಕಿವಿಯೋಲೆ, ಲಸಿಕೆ, ಬಾಲ ಕತ್ತರಿಸುವಿಕೆ ಎಲ್ಲವೂ ಅದೇ ಚೌಕಟ್ಟಿನಲ್ಲಿ ಒಂದರ ಹಿಂದೊಂದು ನಡೆಯುತ್ತವೆ. ದಶಕಗಳ ಕಾಲ ಇದೆಲ್ಲ ನೋವಿಗೆ ಯಾವ ಮದ್ದೂ ಇಲ್ಲದೆಯೇ ನಡೆಯಿತು.

2004ರಲ್ಲಿ ಪ್ರಾಣಿದಯಾ ಸಂಘಟನೆಯಾದ ಪೆಟಾ ಆಸ್ಟ್ರೇಲಿಯಾದ ಉಣ್ಣೆಯನ್ನು ಬಹಿಷ್ಕರಿಸುವಂತೆ ಉಡುಪು ಕಂಪನಿಗಳಿಗೆ ಕರೆಕೊಟ್ಟಾಗ ಉಣ್ಣೆ ಉದ್ಯಮ ಬೆಚ್ಚಿತು. 2010ರೊಳಗೆ ಮ್ಯೂಲ್ಸಿಂಗ್ ನಿಲ್ಲಿಸುವುದಾಗಿ ಮಾತುಕೊಟ್ಟು, 2009ರಲ್ಲಿ ಆ ಮಾತಿನಿಂದ ಹಿಂದೆ ಸರಿಯಿತು. ಇದೇ ಅವಧಿಯಲ್ಲಿ ಮಕ್ಕಳ ವೈದ್ಯೆ ಮೆರೆಡಿತ್ ಶೀಲ್ ಅವರ ಪ್ರಯತ್ನದಿಂದ ಟ್ರೈ-ಸಾಲ್ಫೆನ್ ಎಂಬ ಸಿಂಪಡಣೆಯ ಲೇಪ ರೂಪುಗೊಂಡಿತು. ಕತ್ತರಿ ಆಡಿದ ಕೂಡಲೇ, ಮರಿ ಇನ್ನೂ ಚೌಕಟ್ಟಿನಲ್ಲಿರುವಾಗಲೇ, ಹಸಿ ಗಾಯದ ಮೇಲೆ ಇದನ್ನು ಪಿಚಕಾರಿಯಿಂದ ಹಾಯಿಸಿದರಾಯಿತು. ಲೇಪಕ್ಕೆ ಬೆರೆಸಿದ ನೀಲಿ ಬಣ್ಣ ಗಾಯದ ಯಾವ ಅಂಚು ತಪ್ಪಿಹೋಗಿದೆ, ಯಾವ ಮರಿಗೆ ಇನ್ನೂ ಹಚ್ಚಿಲ್ಲ ಎಂಬುದನ್ನು ಒಂದು ನೋಟಕ್ಕೆ ತೋರಿಸುತ್ತದೆ.

ಈ ಲೇಪ ಕೆಲಸ ಮಾಡುವ ಬಗೆಯಲ್ಲಿ ಒಂದು ಸ್ವಾರಸ್ಯವಿದೆ. ನೋವಿನ ಸುದ್ದಿಯನ್ನು ಮಿದುಳಿನತ್ತ ಒಯ್ಯುವ ನರತಂತುವಿನ ಪೊರೆಯಲ್ಲಿ ಸೋಡಿಯಂ ಕಣಗಳು ಹಾಯುವ ಅತಿ ಸೂಕ್ಷ್ಮ ದ್ವಾರಗಳಿವೆ. ಅಂಗಾಂಶಕ್ಕೆ ಪೆಟ್ಟು ಬಿದ್ದಾಗ ಅವು ತೆರೆದುಕೊಂಡು, ವಿದ್ಯುದಾವೇಶ ಹೊತ್ತ ಸೋಡಿಯಂ ಒಳನುಗ್ಗಿ, ಆ ಏರುಪೇರು ತಂತುವಿನುದ್ದಕ್ಕೂ ಅಲೆಯಾಗಿ ಸಾಗುತ್ತದೆ. ಲಿಗ್ನೊಕೇನಿನ ಅಣು ಎರಡು ರೂಪಗಳಲ್ಲಿರುತ್ತದೆ. ಆವೇಶವಿಲ್ಲದ ರೂಪ ಕೊಬ್ಬಿನಲ್ಲಿ ಕರಗುವುದರಿಂದ ನರದ ಪೊರೆಯನ್ನು ದಾಟಿ ಒಳಹೊಗಬಲ್ಲದು. ಒಳಗೆ ಹೋದ ಮೇಲೆ ಅದೇ ಅಣು ಹೈಡ್ರೋಜನ್ ಕಣವೊಂದನ್ನು ಸೇರಿಸಿಕೊಂಡು ಆವೇಶಯುಕ್ತವಾಗಿ, ಸೋಡಿಯಂ ದ್ವಾರದೊಳಗೆ ಹಿಂಬದಿಯಿಂದ ಸಿಕ್ಕಿಕೊಂಡು ದಾರಿಯನ್ನು ಮುಚ್ಚುತ್ತದೆ. ತೆರೆದಿರುವ ದ್ವಾರಕ್ಕೆ ಅದು ಹೆಚ್ಚು ಸುಲಭವಾಗಿ ಅಂಟಿಕೊಳ್ಳುವುದರಿಂದ, ಎಡೆಬಿಡದೆ ಸುದ್ದಿ ಕಳಿಸುತ್ತಿರುವ ನರವೇ, ಅಂದರೆ ನೋಯುತ್ತಿರುವ ನರವೇ, ಬೇಗ ಮೌನವಾಗುತ್ತದೆ. ಮುಳ್ಳು ಚುಚ್ಚಿದಂಥ ಚುರುಕು ನೋವನ್ನು ಒಯ್ಯುವ ತೆಳು ತಂತುಗಳೂ ಆಮೇಲೆ ಬರುವ ಉರಿ ಮತ್ತು ಮಿಡಿತದ ನೋವನ್ನು ಒಯ್ಯುವ ಇನ್ನೂ ತೆಳುವಾದ ತಂತುಗಳೂ ಇದರ ಹಿಡಿತಕ್ಕೆ ಬರುತ್ತವೆ.

ಆದರೆ ಇದೇ ಮದ್ದನ್ನು ಗಾಯವಿಲ್ಲದ ಚರ್ಮಕ್ಕೆ ಹಚ್ಚಿದರೆ ಬಹುತೇಕ ಏನೂ ಆಗುವುದಿಲ್ಲ. ಚರ್ಮದ ಹೊರಪದರ ಸತ್ತ ಜೀವಕೋಶಗಳನ್ನು ಕೊಬ್ಬಿನಿಂದ ಬೆಸೆದು ಕಟ್ಟಿದ ಗೋಡೆ. ಮನುಷ್ಯರಿಗೆ ಸೂಜಿ ಚುಚ್ಚುವ ಮೊದಲು ಹಚ್ಚುವ ಅರಿವಳಿಕೆ ಮುಲಾಮುಗಳು ಆ ಗೋಡೆಯನ್ನು ದಾಟಲು, ಮೇಲೆ ಪಟ್ಟಿ ಮುಚ್ಚಿಟ್ಟರೂ, ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತವೆ. ಗಾಯದಲ್ಲಿ ಆ ಗೋಡೆಯೇ ಇಲ್ಲ, ನರದ ತುದಿಗಳು ಬಯಲಿಗೆ ಬಿದ್ದಿರುತ್ತವೆ, ಮದ್ದು ನಿಮಿಷಗಳಲ್ಲಿ ಅವುಗಳನ್ನು ಮುಟ್ಟುತ್ತದೆ. ಗಾಯದ ಗಾತ್ರ ಹಿರಿದಾದಷ್ಟೂ ಲೇಪನದ ವಿಧಾನ ಹೆಚ್ಚು ಸಲೀಸಾಗುತ್ತದೆ ಎಂಬುದು ವಿಚಿತ್ರವಾದರೂ ನಿಜ.

ಒಂದೇ ಅರಿವಳಿಕೆಯಿಂದ ಕೆಲಸ ಸಾಗದೆಂದು ಲೇಪದಲ್ಲಿ ನಾಲ್ಕು ದ್ರವ್ಯಗಳನ್ನು ಕೂಡಿಸಲಾಗಿದೆ. ಲಿಗ್ನೊಕೇನ್ ಬೇಗ ಹಿಡಿದು ಬೇಗ ಬಿಡುತ್ತದೆ. ಬ್ಯೂಪಿವಕೇನ್ ತಡವಾಗಿ ಹಿಡಿದು ಬಹಳ ಹೊತ್ತು ನಿಲ್ಲುತ್ತದೆ. ಅಡ್ರಿನಲಿನ್ ರಕ್ತನಾಳಗಳನ್ನು ಸಂಕೋಚಗೊಳಿಸಿ ನೆತ್ತರು ನಿಲ್ಲಿಸುವುದರ ಜೊತೆಗೆ ಅರಿವಳಿಕೆ ರಕ್ತದೊಂದಿಗೆ ಕೊಚ್ಚಿಹೋಗದಂತೆ ತಡೆಯುತ್ತದೆ. ಸೆಟ್ರಿಮೈಡ್ ನಂಜುನಿರೋಧಕ. ಇವನ್ನೆಲ್ಲ ಹೊತ್ತ ಅಂಟುದ್ರವ ಗಾಯದ ಮೇಲೆ ತೆಳುವಾದ ಪೊರೆಯಾಗಿ ಕೂತು ಗಾಳಿ-ಧೂಳುಗಳ ಸೋಂಕನ್ನೂ ಅಷ್ಟಿಷ್ಟು ತಪ್ಪಿಸುತ್ತದೆ.

ಕುರಿಗೆ ನೋವು ಕಡಿಮೆಯಾಯಿತೆಂದು ಹೇಳುವುದು ಹೇಗೆ? ಬೇಟೆಗೆ ಬಲಿಯಾಗುವ ಪ್ರಾಣಿಗಳು ದುರ್ಬಲವೆಂದು ತೋರಿಸಿಕೊಳ್ಳದಂತೆ ವಿಕಾಸಗೊಂಡಿರುವುದರಿಂದ ಕುರಿ ಅರಚುವುದು ಕಡಿಮೆ. ಅದು ಸುಮ್ಮನಿದೆ ಎಂಬುದರಿಂದ ಅದಕ್ಕೆ ನೋವಿಲ್ಲವೆಂದು ತೀರ್ಮಾನಿಸಿದ್ದು ಸಾಕಣೆಯ ಇತಿಹಾಸದ ಬಹುದೊಡ್ಡ ಅನುಕೂಲಕರ ತಪ್ಪು. ಸಿಡ್ನಿ ವಿಶ್ವವಿದ್ಯಾಲಯದ ಸಬ್ರಿನಾ ಲೋಮ್ಯಾಕ್ಸ್, ಪೀಟರ್ ವಿಂಡ್ಸರ್ ಮತ್ತು ಶೀಲ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಳಸಿದ್ದು ಫಾನ್ ಫ್ರೈ ಎಳೆಗಳು ಎಂಬ ಸರಳ ಸಾಧನ. ಇಂತಿಷ್ಟೇ ಒತ್ತಡಕ್ಕೆ ಬಾಗುವಂತೆ ಅಳೆದು ಮಾಡಿದ ಈ ಎಳೆಯ ತುದಿಯನ್ನು ಗಾಯದ ಮೇಲೂ ಅದರ ಅಂಚಿನ ಚರ್ಮದ ಮೇಲೂ ಒತ್ತಿ, ಎಳೆ ಬಾಗಿದ ಕ್ಷಣದಲ್ಲಿ ಮರಿ ಹಿಂಭಾಗವನ್ನು ಅದುರಿಸುತ್ತದೆಯೇ, ತಲೆಯೆತ್ತಿ ಕೊಸರುತ್ತದೆಯೇ, ಇಲ್ಲವೇ ಹಾಗೆಯೇ ಇರುತ್ತದೆಯೇ ಎಂದು ಅಂಕಿ ಹಾಕಿಕೊಳ್ಳುತ್ತಾರೆ. ಮದ್ದಿಲ್ಲದ ಮರಿಗಳಲ್ಲಿ ಗಾಯದ ಸುತ್ತಣ ಚರ್ಮವೂ ಬರಬರುತ್ತ ಸೂಕ್ಷ್ಮಗೊಂಡು, ಹಗುರವಾದ ಸ್ಪರ್ಶವೂ ನೋವೆನಿಸುವ ಸ್ಥಿತಿ ಉಂಟಾಯಿತು. ಲೇಪ ಹಚ್ಚಿದ ಮರಿಗಳ ಗಾಯ ಕೆಲವೇ ನಿಮಿಷಗಳಲ್ಲಿ ಜೋಮುಗಟ್ಟಿತು, ಪರಿಣಾಮ ಸುಮಾರು 24 ಗಂಟೆಗಳವರೆಗೂ ಕಂಡುಬಂತು. ಇದರೊಂದಿಗೆ ನಡವಳಿಕೆಯನ್ನೂ ನೋಡಲಾಗುತ್ತದೆ: ಬೆನ್ನು ಗೂನಾಗಿಸಿ ತಲೆ ತಗ್ಗಿಸಿ ನಿಲ್ಲುವುದು, ಹಿಂಗಾಲು ಸೆಟೆದು ನಡೆಯುವುದು, ಮಲಗಲು ಹಿಂಜರಿಯುವುದು, ತಾಯಿಯ ಕೆಚ್ಚಲಿಗೆ ಬಾಯಿಹಾಕದಿರುವುದು ಇವೆಲ್ಲ ನೋವಿನ ಗುರುತುಗಳು, ಮತ್ತು ಇವೂ ಲೇಪ ಹಚ್ಚಿದವುಗಳಲ್ಲಿ ಕಡಿಮೆಯಾಗಿದ್ದವು.

ಇಷ್ಟಾದರೂ ಲೇಪನದ ಮಿತಿ ಅದರ ಹುಟ್ಟಿನಲ್ಲೇ ಇದೆ. ಗಾಯವಾದ ಮೇಲೆ ಹಚ್ಚುವ ಮದ್ದು ಗಾಯ ಮಾಡುವಾಗಿನ ನೋವನ್ನು ತಡೆಯಲಾರದು. ಕತ್ತರಿ ಚರ್ಮವನ್ನು ಸುಲಿಯುವ ಹೊತ್ತಿನಲ್ಲಿ ಮರಿ ಎಂದಿನಂತೆಯೇ ಎಲ್ಲವನ್ನೂ ಅನುಭವಿಸುತ್ತದೆ. ಇನ್ನು ಅರಿವಳಿಕೆಯ ಹಿಡಿತ ಸಡಿಲಿದ ಮೇಲೂ ಉರಿಯೂತದ ನೋವು ಮುಂದುವರಿಯುವುದರಿಂದ, ಉರಿಯೂತವನ್ನೇ ತಗ್ಗಿಸುವ ಮೆಲಾಕ್ಸಿಕಾಮ್‌ನಂಥ ಔಷಧವನ್ನು ಚುಚ್ಚುಮದ್ದಾಗಿ ಇಲ್ಲವೇ ಕೆನ್ನೆಯ ಒಳಬದಿಗೆ ಹಚ್ಚುವ ರೂಪದಲ್ಲಿ ಜೊತೆಗೆ ಕೊಡುವ ರೂಢಿ ಬೆಳೆದಿದೆ. ಕೀವುಗಟ್ಟಿದ ಹಳೆಯ ಗಾಯದಲ್ಲಿ ಅಂಗಾಂಶ ಆಮ್ಲೀಯವಾಗಿರುತ್ತದೆ. ಅಲ್ಲಿ ಅರಿವಳಿಕೆಯ ಅಣುಗಳಲ್ಲಿ ಹೆಚ್ಚಿನವು ಹೊರಗೇ ಆವೇಶಯುಕ್ತವಾಗಿಬಿಡುವುದರಿಂದ ಪೊರೆ ದಾಟುವ ಪಾಲು ಕುಗ್ಗಿ, ತಾಜಾ ಗಾಯದಲ್ಲಿ ಸಿಗುವ ಗುಣ ಸಿಗುವುದಿಲ್ಲ. ಪ್ರಮಾಣ ಮೀರಿದರೆ ಅಪಾಯವೂ ಉಂಟು: ರಕ್ತಕ್ಕೆ ಹೆಚ್ಚಾಗಿ ಸೇರಿದ ಲಿಗ್ನೊಕೇನ್ ಸೆಳವು ತರಬಲ್ಲದು, ಬ್ಯೂಪಿವಕೇನ್ ಹೃದಯದ ಲಯವನ್ನು ಕೆಡಿಸಬಲ್ಲದು, ಹಾಗಾಗಿ ಮರಿಯ ತೂಕ ನೋಡಿಯೇ ಪ್ರಮಾಣ ನಿಗದಿಯಾಗುತ್ತದೆ.

ಇದಕ್ಕಿಂತ ತೊಡಕಿನ ಪ್ರಶ್ನೆ ಔಷಧಶಾಸ್ತ್ರದ ಹೊರಗಿದೆ. ನೋವು ತಗ್ಗಿಸುವ ಸುಲಭ ಸಾಧನ ಕೈಗೆ ಬಂದೊಡನೆ, ನೋವು ಕೊಡುವ ಕ್ರಮವನ್ನು ಬಿಡುವ ಒತ್ತಡ ಸಡಿಲವಾಗುತ್ತದೆ. ನ್ಯೂಜಿಲೆಂಡ್ 2018ರಲ್ಲಿ ಮ್ಯೂಲ್ಸಿಂಗನ್ನೇ ನಿಷೇಧಿಸಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2020ರಲ್ಲಿ ನೋವು ನಿವಾರಕ ಬಳಸುವುದನ್ನು ಕಡ್ಡಾಯ ಮಾಡಿ, ಕ್ರಮವನ್ನು ಉಳಿಸಿಕೊಂಡಿತು. ನೆರಿಗೆಯಿಲ್ಲದ, ಬಾಲದ ಸುತ್ತ ಉಣ್ಣೆ ಬೆಳೆಯದ ಕುರಿಗಳನ್ನು ಆರಿಸಿ ತಳಿ ಬೆಳೆಸಿದರೆ ಕತ್ತರಿಯೇ ಬೇಡವಾಗುತ್ತದೆ, ಮತ್ತು ಹಲವು ಸಾಕಣೆಗಾರರು ಆ ದಾರಿಯಲ್ಲಿ ಈಗಾಗಲೇ ನಡೆದಿದ್ದಾರೆ. ಮನುಷ್ಯನ ಆಯ್ಕೆಯಿಂದಲೇ ಬಂದ ನೆರಿಗೆಯನ್ನು ಮನುಷ್ಯನ ಆಯ್ಕೆಯಿಂದಲೇ ಕಳೆಯುವುದು ನ್ಯಾಯವಾದ ಪರಿಹಾರ. ಆದರೆ ಅದಕ್ಕೆ ಹಲವು ತಲೆಮಾರು ಕಾಯಬೇಕು, ಈ ವರ್ಷ ಚೌಕಟ್ಟಿಗೇರುವ ಮರಿಗೆ ಲೇಪವೇ ಗತಿ. ಎರಡನ್ನೂ ಒಂದಕ್ಕೊಂದು ಬದಲಿಯೆಂದು ಕಾಣುವುದೇ ಚರ್ಚೆಯನ್ನು ಹದಗೆಡಿಸಿದೆ.

ಮನುಷ್ಯ ಮಾಡದ ಗಾಯಗಳ ವಿಷಯದಲ್ಲಿ ಇಂಥ ಇಬ್ಬಂದಿಯಿಲ್ಲ. ಕರ್ನಾಟಕದ ಡೆಕ್ಕನಿ, ಬಂಡೂರು ಕುರಿಗಳಿಗೆ ಮೆರಿನೋದ ನೆರಿಗೆಯಿಲ್ಲ, ಮ್ಯೂಲ್ಸಿಂಗ್ ಇಲ್ಲಿ ಯಾರಿಗೂ ಬೇಕಿಲ್ಲ. ಆದರೆ ಮಳೆಗಾಲದಲ್ಲಿ ಗೊರಸಿನ ಸಂದಿಗೋ ಕೊಂಬಿನ ಬುಡಕ್ಕೋ ಹುಳ ಬೀಳುವುದು ಕುರಿ-ದನ ಸಾಕಿದವರಿಗೆಲ್ಲ ಗೊತ್ತಿರುವ ಪೀಡೆ. ಹುಳ ಹೊರಬರಿಸಲು ಬಳಸುವ ಟರ್ಪೆಂಟೈನ್ ಎಣ್ಣೆ ಹಸಿ ಮಾಂಸಕ್ಕೆ ತಾಗಿದಾಗ ತಾನೇ ಉರಿಯುತ್ತದೆ. ಅದಕ್ಕಿಂತ ವ್ಯಾಪಕವಾದ ನೋವು ಕಾಲುಬಾಯಿ ಜ್ವರದ್ದು; 2013ರಲ್ಲಿ ಅದು ಕರ್ನಾಟಕದಲ್ಲಿ ಹಬ್ಬಿ ಸಾವಿರಾರು ರಾಸುಗಳನ್ನು ಬಲಿ ತೆಗೆದುಕೊಂಡಿತು. ನಾಲಗೆಯ ಮೇಲಿನ ಗುಳ್ಳೆಗಳು ಒಡೆದು ಮೇಲ್ಪದರ ಸುಲಿದುಹೋದಾಗ ಹಸು ಜೊಲ್ಲು ಸುರಿಸುತ್ತ ಮೇವಿನ ಮುಂದೆಯೇ ಉಪವಾಸ ನಿಲ್ಲುತ್ತದೆ, ಗೊರಸಿನ ಸಂದಿಯ ಹುಣ್ಣಿನಿಂದ ಹೆಜ್ಜೆಯೂರಲಾರದೆ ಮಲಗಿಬಿಡುತ್ತದೆ. ಚರ್ಮದ ಗೋಡೆ ಕಳಚಿದ ಈ ಹುಣ್ಣುಗಳೂ ಲೇಪನ ಅರಿವಳಿಕೆಗೆ ತಕ್ಕ ನೆಲೆಯೇ ಎಂಬ ತರ್ಕದಿಂದ ವಿಂಡ್ಸರ್ ಮತ್ತು ಸಹೋದ್ಯೋಗಿಗಳು ಲಾವೋಸ್ ದೇಶದ ಹಳ್ಳಿಗಳಲ್ಲಿ ರೋಗ ತಗುಲಿದ ದನಗಳಿಗೆ ಅದೇ ನೀಲಿ ಲೇಪವನ್ನು ಸಿಂಪಡಿಸಿ ನೋಡಿದರು. ಸಾಕಿದವರು ಅದನ್ನು ಮೆಚ್ಚಿಕೊಂಡರು. ವೈರಸ್ಸಿನ ಮೇಲೆ ಏನೂ ಮಾಡಲಾರದ ಪ್ರತಿಜೀವಕಗಳನ್ನು ಸುಮ್ಮನೆ ಚುಚ್ಚಿಸುವುದಕ್ಕಿಂತ ಇದು ಮೇಲು.

ಹಾಲು ಕೊಡುವ ಪ್ರಾಣಿಗೆ ಇಂಥದನ್ನು ಬಳಸುವಾಗ ಹಾಲಿನಲ್ಲಿ ಉಳಿಯುವ ಅಂಶದ ಪ್ರಶ್ನೆ ಏಳುತ್ತದೆ. ಲಿಗ್ನೊಕೇನ್ ದೇಹದಲ್ಲಿ ಒಡೆದಾಗ ಹುಟ್ಟುವ ಒಂದು ವಸ್ತುವಿನ ಬಗ್ಗೆ ಶಂಕೆಯಿರುವುದರಿಂದ ಯೂರೋಪಿನ ಪಶುವೈದ್ಯರು ದನಗಳಿಗೆ ಹೆಚ್ಚಾಗಿ ಪ್ರೊಕೇನ್ ಎಂಬ ಹಳೆಯ ಅರಿವಳಿಕೆಯನ್ನೇ ಬಳಸುತ್ತಾರೆ. ಜೊತೆಗೆ ಲೇಪ ರೋಗವನ್ನು ಗುಣಪಡಿಸುವುದಿಲ್ಲ, ಅದನ್ನು ತಡೆಯಲು 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಹಾಕುವ ಲಸಿಕೆಯೇ ಬೇಕು. ನೋವು ತಗ್ಗಿ ಎದ್ದು ಓಡಾಡತೊಡಗಿದ ಹಸುವಿನ ಜೊಲ್ಲಿನಲ್ಲಿ ವೈರಸ್ ಇನ್ನೂ ಇರುತ್ತದೆ. ಆದ್ದರಿಂದ ಅದು ಮೇವಿಗೆ ಬಾಯಿ ಹಾಕಿತೆಂಬ ಸಂತೋಷದಲ್ಲಿ ಅದನ್ನು ಊರಿನ ನೀರಿನ ತೊಟ್ಟಿಗೆ ಹೊಡೆಯದೆ, ಕೊಟ್ಟಿಗೆಯಲ್ಲೇ ಬೇರೆ ಕಟ್ಟಿ, ಬೇರೆ ಬಕೆಟ್ಟಿನಲ್ಲಿ ನೀರು ಕುಡಿಸಬೇಕಾಗುತ್ತದೆ.