ಅತಿಥಿಗಳಿಗೆಂದೇ ಕಟ್ಟಿದ ಅರಮನೆ

ಮೈಸೂರಿನ ಅಂಬಾವಿಲಾಸ ಅರಮನೆಯಿಂದ ಪೂರ್ವಕ್ಕೆ ಹೊರಟು ಮೃಗಾಲಯ, ಕಾರಂಜಿ ಕೆರೆಯ ಆಸುಪಾಸು ದಾಟಿದರೆ ನೇರವಾದ ರಸ್ತೆಯೊಂದು ಸಿಗುತ್ತದೆ. ಅದರ ತುದಿಯಲ್ಲಿ, ತುಸು ಎತ್ತರದ ಬಯಲಿನಲ್ಲಿ, ಚಾಮುಂಡಿ ಬೆಟ್ಟವನ್ನು ಮಗ್ಗುಲಲ್ಲಿಟ್ಟುಕೊಂಡು ಅಚ್ಚಬಿಳಿಯ ಕಟ್ಟಡವೊಂದು ಎದ್ದು ನಿಂತಿದೆ. ನಡುವೆ ದೊಡ್ಡ ಗುಮ್ಮಟ, ಮುಂಭಾಗದಲ್ಲಿ ಜೋಡಿಜೋಡಿಯಾಗಿ ನಿಂತ ಕಂಬಗಳು. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ನೋಡಿದವರಿಗೆ ಇದು ಎಲ್ಲೋ ಕಂಡ ಹಾಗಿದೆಯಲ್ಲ ಎನಿಸುವುದು ಸಹಜ. ಇದರ ವಿನ್ಯಾಸಕ್ಕೆ ಆ ಕೆಥೆಡ್ರಲ್ಲೇ ಮಾದರಿ.

ಇದು ಲಲಿತಮಹಲ್. ಗಾತ್ರದಲ್ಲಿ ಮೈಸೂರಿನ ಅರಮನೆಗಳ ಪೈಕಿ ಎರಡನೆಯದು. 1974ರಿಂದ ಹೋಟೆಲು. ರಾಜರು ಹೋದ ಮೇಲೆ ಭಾರತದ ಅರಮನೆಗಳು ಹೋಟೆಲಾದ ಕಥೆ ಬೇಕಾದಷ್ಟಿದೆ. ಆದರೆ ಲಲಿತಮಹಲಿನ ಕಥೆ ಬೇರೆ. ಇಲ್ಲಿ ರಾಜರು ಸಂಸಾರ ಹೂಡಿದ್ದೇ ಇಲ್ಲ. ಇದು ಹುಟ್ಟಿದ್ದೇ ಅತಿಥಿಗೃಹವಾಗಿ.

ವೈಸರಾಯ್‌ಗೊಂದು ಮನೆ

ನಾಲ್ವಡಿ ಕೃಷ್ಣರಾಜ ಒಡೆಯರ್ ಇದಕ್ಕೆ ಶಂಕುಸ್ಥಾಪನೆ ಮಾಡಿದ್ದು 1921ರ ನವೆಂಬರ್ 18ರಂದು. ನಕ್ಷೆ ಬರೆದವರು ಮುಂಬಯಿಯ ವಾಸ್ತುಶಿಲ್ಪಿ ಇ.ಡಬ್ಲ್ಯು. ಫ್ರಿಚ್ಲಿ. ಕಟ್ಟಿಸಿದ ಗುತ್ತಿಗೆದಾರರು ಬೆಂಗಳೂರಿನ ಬಿ. ಮುನಿವೆಂಕಟಪ್ಪ. ತಗುಲಿದ ವೆಚ್ಚ 13 ಲಕ್ಷ ರೂಪಾಯಿ ಎಂಬ ಲೆಕ್ಕ ಪ್ರಚಲಿತದಲ್ಲಿದೆ.

ವೈಸರಾಯ್ ಇಳಿದುಕೊಳ್ಳುವುದಕ್ಕೆ ಇಷ್ಟು ದೊಡ್ಡ ಮನೆ ಯಾಕೆ ಬೇಕಿತ್ತು? ಉತ್ತರ ಸಂಸ್ಥಾನದ ರಾಜಕಾರಣದಲ್ಲಿದೆ. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ ಮೈಸೂರು 1881ರಲ್ಲಿ ಒಡೆಯರ ಕೈಗೆ ಮರಳಿತ್ತು. ಮರಳಿದರೂ ವರ್ಷವರ್ಷ ಬ್ರಿಟಿಷರಿಗೆ ಪೊಗದಿ ಕಟ್ಟಬೇಕಿತ್ತು. ಅದರ ಮೊತ್ತ 35 ಲಕ್ಷ ರೂಪಾಯಿಗೆ ಏರಿ, ದಿವಾನರುಗಳಿಗೆ ದೊಡ್ಡ ತಲೆನೋವಾಗಿತ್ತು. 1920ರ ದಶಕದ ಕೊನೆಯಲ್ಲಿ, ಲಾರ್ಡ್ ಇರ್ವಿನ್ ವೈಸರಾಯ್ ಆಗಿದ್ದ ಕಾಲಕ್ಕೆ, ಅದರಲ್ಲಿ 10.5 ಲಕ್ಷ ಕಡಿತವಾಯಿತು. ಇಂಥ ಮಾತುಕತೆ ದಶಕಗಟ್ಟಲೆ ನಡೆಯುತ್ತಿದ್ದ ಕಾಲದಲ್ಲಿ ವೈಸರಾಯ್‌ಗೆ ಮಾಡುವ ಉಪಚಾರ ಬರೀ ಶಿಷ್ಟಾಚಾರವಾಗಿರಲಿಲ್ಲ, ರಾಜ್ಯಭಾರದ ಒಂದು ಭಾಗವೇ ಆಗಿತ್ತು.

ಇನ್ನೊಂದು ಕಾರಣ ಮನೆಯೊಳಗಿನದು. 1897ರ ಬೆಂಕಿಗೆ ಹಳೆಯ ಅರಮನೆ ಆಹುತಿಯಾದ ಮೇಲೆ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ನಕ್ಷೆಯಂತೆ 1912ರಲ್ಲಿ ಸಿದ್ಧವಾದ ಅಂಬಾವಿಲಾಸ ಎಷ್ಟೇ ವಿಶಾಲವಾಗಿದ್ದರೂ ಅದು ಮಡಿ, ಪೂಜೆ, ವ್ರತಗಳ ಮನೆ. ದಸರೆಯಲ್ಲಿ ಐರೋಪ್ಯರಿಗೆಂದು ಪ್ರತ್ಯೇಕ ದರ್ಬಾರು ನಡೆಯುತ್ತಿತ್ತು, ನಿಜ. ಆದರೆ ಅವರ ಮಾಂಸದೂಟ, ಮದ್ಯ, ನೃತ್ಯಕೂಟಗಳಿಗೆ ಅಲ್ಲಿ ಆಸ್ಪದವಿರಲಿಲ್ಲ ಎಂದು ಮೈಸೂರಿನ ಹಿರಿಯರು ಇಂದಿಗೂ ಹೇಳುತ್ತಾರೆ. ಅತಿಥಿಗೂ ಸಂಕೋಚವಾಗಬಾರದು, ಮನೆಯವರ ಆಚಾರಕ್ಕೂ ಭಂಗ ಬರಬಾರದು. ಅದಕ್ಕೆ ಊರಾಚೆಯ ಈ ಎತ್ತರದ ಜಾಗ ಹೊಂದಿಕೆಯಾಯಿತು.

ಒಳಗೆ ಕಾಲಿಟ್ಟರೆ

ಕಾರು ನಿಲ್ಲುವ ಮೊಗಸಾಲೆ ದಾಟಿದರೆ ಗುಮ್ಮಟದಡಿಯ ಹಜಾರ. ಅಲ್ಲಿಂದ ಇಟಲಿಯ ಅಮೃತಶಿಲೆಯ ಮೆಟ್ಟಿಲುಸಾಲು ಮೇಲಕ್ಕೇರಿ ಇಬ್ಬದಿಗೆ ಕವಲೊಡೆಯುತ್ತದೆ. ಗೋಡೆಗಳ ಮೇಲೆ ಒಡೆಯರ ಆಳೆತ್ತರದ ಚಿತ್ರಗಳು, ಟಿಪ್ಪುವಿನ ಯುದ್ಧಗಳನ್ನು ತೋರಿಸುವ ಹಳೆಯ ಮುದ್ರಣಚಿತ್ರಗಳು. ಬ್ರಿಟಿಷ್ ಅತಿಥಿಗೆಂದು ಕಟ್ಟಿದ ಮನೆಯಲ್ಲಿ ಈ ಎರಡೂ ಒಟ್ಟಿಗಿರುವುದು ಕುತೂಹಲದ ಸಂಗತಿ.

ಅತ್ಯಂತ ಚೆಂದದ ಭಾಗ ನೃತ್ಯಶಾಲೆ. ಬೆಲ್ಜಿಯಂ ಗಾಜಿನ ಗುಮ್ಮಟಗಳಿಂದ ಬೆಳಕು ಸೋಸಿ ಇಳಿಯುವ ಈ ಎತ್ತರದ ಅಂಗಣವೇ ಈಗ ಊಟದ ಮನೆ. ದೊರೆಗಳೂ ದೊರೆಸಾನಿಯರೂ ಕುಣಿದ ನೆಲದ ಮೇಲೆ ಇಂದು ಮೈಸೂರು ಥಾಲಿ ಬಡಿಸುತ್ತಾರೆ. ಇಲ್ಲಿನ ಹಳೆಯ ಲಿಫ್ಟು ಕೂಡ ನೋಡತಕ್ಕದ್ದೇ. ಮೇಲಂತಸ್ತಿನ ಮುಂಬದಿ ಬಾಲ್ಕನಿಯಲ್ಲಿ ನಿಂತರೆ ಮೈಸೂರು ನಗರ ಎಷ್ಟು ಬೆಳೆದಿದೆ ಎಂಬುದು ತಿಳಿಯುತ್ತದೆ. ಒಂದು ಕಾಲದ ಊರಾಚೆಯ ಬಯಲನ್ನು ಬಡಾವಣೆಗಳು ಮುತ್ತಿಕೊಂಡಿವೆ.

ಕೆಲಸ ಸಿಕ್ಕಿದ ಅರಮನೆಗಳು

1971ರಲ್ಲಿ ರಾಜಧನ ರದ್ದಾಯಿತು. ಅದಾಗಿ ಮೂರೇ ವರ್ಷಕ್ಕೆ ಲಲಿತಮಹಲ್ ಕೇಂದ್ರ ಸರ್ಕಾರದ ಪ್ರವಾಸೋದ್ಯಮ ನಿಗಮದ ಅಶೋಕ ಹೋಟೆಲುಗಳ ಸಾಲಿಗೆ ಸೇರಿತು. ಆ ಹೊತ್ತಿಗೆ ಮೈಸೂರಿನ ಇತರ ಅರಮನೆಗಳೂ ತಮ್ಮತಮ್ಮ ಕಸುಬು ಹುಡುಕಿಕೊಂಡಿದ್ದವು. ಜಗನ್ಮೋಹನ ಚಿತ್ರಶಾಲೆಯಾಗಿತ್ತು. ಚೆಲುವಾಂಬ ಮ್ಯಾನ್ಷನ್‌ಗೆ 1950ರಲ್ಲೇ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐ ಬಂದಿತ್ತು. ಜಯಲಕ್ಷ್ಮೀವಿಲಾಸ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಪಾಲಾಗಿ ಜಾನಪದ ವಸ್ತುಸಂಗ್ರಹಾಲಯಕ್ಕೆ ನೆಲೆ ಕೊಟ್ಟಿತ್ತು. ಮುಂದೆ ಕಾರಂಜಿ ಮ್ಯಾನ್ಷನ್‌ನಲ್ಲಿ ಅಂಚೆ ಇಲಾಖೆಯ ತರಬೇತಿ ಕೇಂದ್ರ ನೆಲೆಸಿತು. ಚಾಮುಂಡಿ ಬೆಟ್ಟದ ಮೇಲಿನ ರಾಜೇಂದ್ರವಿಲಾಸ ಕೆಲಕಾಲ ಹೋಟೆಲಾಗಿ ನಡೆದು ಬಾಗಿಲು ಹಾಕಿತು. ಬಾಗಿಲು ಹಾಕಿದ ಕಟ್ಟಡದ ಮೇಲೆ ಮಳೆ, ಗಾಳಿ, ಕೋತಿಗಳದೇ ದರ್ಬಾರು. ಅರಮನೆ ಉಳಿಯಬೇಕಾದರೆ ಅದರಲ್ಲಿ ಜನ ಓಡಾಡಬೇಕು ಎಂಬ ಮಾತಿಗೆ ಬೇರೆ ಸಾಕ್ಷಿ ಬೇಡ.

ಅರಮನೆ ಹೋಟೆಲಾಗಬೇಕಾದರೆ ಮೊದಲು ಹುಡುಕಬೇಕಾದದ್ದು ಬಚ್ಚಲಿಗೆ ಜಾಗ. ದಪ್ಪ ಗೋಡೆಯೊಳಗೆ ನೀರಿನ ಕೊಳವೆ, ಚಿತ್ರವಿರುವ ಚಾವಣಿಯ ಮರೆಯಲ್ಲಿ ಎ.ಸಿ., ಗಾರೆ ಕೆಡದಂತೆ ವಿದ್ಯುತ್ ತಂತಿ. ಒಂದು ಕಡೆ ಸೋರಿದರೆ ಇಡೀ ಗೋಡೆಯ ಬಣ್ಣ ಹೋಗುತ್ತದೆ. ಗಾರೆಯ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಹೊರಬರಲಾರದೆ ಒಳಗೊಳಗೇ ಕಟ್ಟಡವನ್ನು ತಿನ್ನುತ್ತದೆ. ಹೈದರಾಬಾದಿನ ಫಲಕ್‌ನುಮಾ ಅರಮನೆಯನ್ನು ರಾಜಕುಮಾರಿ ಎಸ್ರಾ ಅವರ ಮೇಲ್ವಿಚಾರಣೆಯಲ್ಲಿ ದುರಸ್ತಿ ಮಾಡಿ ತಾಜ್ ಸಂಸ್ಥೆ 2010ರಲ್ಲಿ ಹೋಟೆಲಾಗಿ ತೆರೆಯುವ ಹೊತ್ತಿಗೆ ಸುಮಾರು ಹತ್ತು ವರ್ಷ ಹಿಡಿದಿತ್ತು. ಸಿಕ್ಕಿದ್ದು 60 ಕೋಣೆ. ಉದಯಪುರದ ಪಿಚೋಲಾ ಸರೋವರದ ನಡುವಿನ ಜಗ್ ನಿವಾಸವನ್ನು 1963ರಲ್ಲಿ ಮಹಾರಾಣಾ ಭಗವತ್ ಸಿಂಗ್ ಹೋಟೆಲು ಮಾಡಿದಾಗ ಇಟ್ಟಿಗೆಯಿಂದ ಹಾಸಿಗೆಯವರೆಗೆ ಎಲ್ಲವೂ ದೋಣಿಯಲ್ಲೇ ಬರಬೇಕಿತ್ತು.

ಇವೆರಡಕ್ಕೆ ಹೋಲಿಸಿದರೆ ಲಲಿತಮಹಲಿನ ಕೆಲಸ ಹಗುರ. ಹೊರಗಿನವರು ಬಂದು ತಂಗಲೆಂದೇ ಕೋಣೆಗಳನ್ನು ಹಂಚಿ ಕಟ್ಟಿದ್ದ ಮನೆ ಇದು. ಅಂತಃಪುರವನ್ನು ಒಡೆದು ಕೋಣೆ ಮಾಡುವ ಪ್ರಮೇಯ ಬರಲಿಲ್ಲ. ವೈಸರಾಯ್ ತಂಗುತ್ತಿದ್ದ ಕೋಣೆಗಳು ಅದೇ ಹೆಸರಿನ ಸೂಟ್ ಆದವು. ಬದಲಾದದ್ದು ಒಂದೇ: ಆಗ ಅತಿಥಿಯನ್ನು ಮಹಾರಾಜರು ಆರಿಸುತ್ತಿದ್ದರು, ಈಗ ಕೋಣೆಯ ಬಾಡಿಗೆ ಆರಿಸುತ್ತದೆ.

ಮುಂದೇನು?

2018ರಲ್ಲಿ ಕೇಂದ್ರದ ನಿಗಮ ಲಲಿತಮಹಲನ್ನು ರಾಜ್ಯಕ್ಕೆ ಒಪ್ಪಿಸಿತು. ಆಮೇಲೆ ನಡೆಸುವ ಹೊಣೆ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯದಾಯಿತು. ಕಾಡಿನ ಬಿಡಾರ ನಡೆಸುವುದರಲ್ಲಿ ಪಳಗಿದವರ ಕೈಗೆ ನಗರದ ಅರಮನೆ ಬಂತು. ಇದನ್ನು ದುರಸ್ತಿ ಮಾಡಿಸಿ ದೊಡ್ಡ ಹೋಟೆಲು ಕಂಪನಿಗೆ ಗುತ್ತಿಗೆ ಕೊಡಬೇಕು ಎಂಬ ಮಾತು ಆಗಾಗ ಏಳುತ್ತದೆ, ಹಾಗೆಯೇ ಅಡಗುತ್ತದೆ. ಇದರ ಪರ, ವಿರೋಧ ಎರಡೂ ವಾದಗಳಲ್ಲಿ ಹುರುಳಿದೆ. ನೂರು ವರ್ಷದ ಕಟ್ಟಡದ ಆರೈಕೆಗೆ ಬೇಕಾಗುವ ದುಡ್ಡು, ನುರಿತ ಕೈ ಸರ್ಕಾರಿ ಟೆಂಡರಿನಲ್ಲಿ ಸುಲಭವಾಗಿ ಸಿಗುವುದಿಲ್ಲ. ಇತ್ತ, ಐಷಾರಾಮಿ ಹೋಟೆಲಾದ ಅರಮನೆಯ ಗೇಟಿನಲ್ಲೇ ಮೈಸೂರಿನ ಸಾಮಾನ್ಯ ಕುಟುಂಬ ಹಿಂದಿರುಗಬೇಕಾಗುತ್ತದೆ.

ಗುತ್ತಿಗೆ ಕೊಡುವುದೇ ಆದರೆ ಕರಾರಿನಲ್ಲಿ ಮೂರು ಮಾತು ಇರಲಿ. ಗಾರೆ, ಮರ, ಗಾಜಿನ ಕೆಲಸ ಬಲ್ಲವರ ಕೈಯಲ್ಲೇ ದುರಸ್ತಿಯಾಗಬೇಕು. ಮುಂದಿನ ಬಯಲಿನಲ್ಲಿ ಹೊಸ ಕಟ್ಟಡ ಏಳಕೂಡದು, ಏಕೆಂದರೆ ಈ ಅರಮನೆಯ ಅಂದದಲ್ಲಿ ಅರ್ಧಪಾಲು ಆ ಬಯಲಿನದು. ನೃತ್ಯಶಾಲೆಯ ಊಟ, ಹಜಾರದ ಚಿತ್ರಗಳು ತಂಗದವರಿಗೂ ಕೈಗೆಟುಕಬೇಕು. ದುಬಾರಿ ಹೋಟೆಲು ಕೂಡ ಬೆಳಗಿನ ಎರಡು ಗಂಟೆ ಶಾಲೆಯ ಮಕ್ಕಳಿಗೆ ಬಾಗಿಲು ತೆರೆಯಬಲ್ಲದು.

ಹೋಗುವವರಿಗೆ ಒಂದು ಸಲಹೆ. ದಸರೆಯ ಹತ್ತು ದಿನ ಬೇಡ. ಆಗ ಪಕ್ಕದ ಹೆಲಿಪ್ಯಾಡಿನಲ್ಲಿ ಗಣ್ಯರ ಬರವು, ಹೆಲಿಕಾಪ್ಟರ್ ಸವಾರಿ, ರಸ್ತೆಯಲ್ಲಿ ನೂಕುನುಗ್ಗಲು. ವಾರದ ನಡುವಿನ ಒಂದು ಮಧ್ಯಾಹ್ನ, ಊಟದ ಸಮಯ ವಿಚಾರಿಸಿಕೊಂಡು ಹೋಗಿ. ಗಾಜಿನ ಗುಮ್ಮಟದ ಬೆಳಕು ಚೆನ್ನಾಗಿರುವುದೂ ಆ ಹೊತ್ತಿನಲ್ಲೇ. ಊಟದ ಬೆಲೆ ದರ್ಶಿನಿಗಿಂತ ಬಹಳ ಹೆಚ್ಚು, ಕೋಣೆಯ ಬಾಡಿಗೆಗಿಂತ ಬಹಳ ಕಡಿಮೆ. ವೈಸರಾಯ್‌ಗೆಂದು ಕಟ್ಟಿದ ಮನೆಯಲ್ಲಿ ಪ್ರಜೆಯ ಮೊಮ್ಮಗ ಎಲೆಯ ಮುಂದೆ ಕೂರಲು ಸದ್ಯಕ್ಕೆ ಅಷ್ಟು ಖರ್ಚು ಸಾಕು.