ಹೆಜ್ಜೆಯ ಗುಂಡಿ ಮುಚ್ಚಿ ಬರುವ ಪ್ರವಾಸಿಗರು

ಹಿಮದ ಮೇಲೆ ನಡೆದ ಅನುಭವ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಮೆತ್ತನೆಯ ಹಿಮದಲ್ಲಿ ಕಾಲಿಟ್ಟರೆ ಕೆಲವೊಮ್ಮೆ ಮೊಣಕಾಲಿನವರೆಗೂ ಹೂತು ಹೋಗುತ್ತದೆ. ಕಾಲೆಳೆದುಕೊಂಡು ಮುಂದೆ ನಡೆದರೆ ಹಿಂದೆ ಒಂದು ಆಳವಾದ ಗುಂಡಿ ಉಳಿಯುತ್ತದೆ. ಅಂಟಾರ್ಕ್ಟಿಕ ಖಂಡಕ್ಕೆ ಹೋಗುವ ಪ್ರವಾಸಿಗರಿಗೆ ಮಾರ್ಗದರ್ಶಕರು ಹೇಳಿಕೊಡುವ ಒಂದು ಪಾಠವಿದೆ: ಮುಂದೆ ಹೋಗುವ ಮುನ್ನ ತಿರುಗಿ ನಿಂತು ಆ ಗುಂಡಿಯನ್ನು ಹಿಮದಿಂದ ಮುಚ್ಚಬೇಕು. ಯಾಕೆ ಗೊತ್ತೇ? ಗಿಡ್ಡ ಕಾಲಿನ ಪೆಂಗ್ವಿನ್ ಅದೇ ದಾರಿಯಾಗಿ ಬಂದು ಗುಂಡಿಗೆ ಬಿದ್ದರೆ ಹತ್ತಿ ಮೇಲೆ ಬರಲು ಅದಕ್ಕೆ ಬಹಳ ಕಷ್ಟ. ಮರಿಗಳಿಗೆ ಆಹಾರ ತರಲು ಕಡಲಿಗೆ ಹೊರಟ ತಾಯಿ, ಎಲ್ಲಿಂದಲೋ ಬಂದ ಪ್ರವಾಸಿಯ ಬೂಟಿನ ಗುಂಡಿಯಲ್ಲಿ ಸಿಕ್ಕಿಬಿದ್ದರೆ ಗೂಡಿನಲ್ಲಿ ಕಾಯುವ ಮರಿಗಳ ಗತಿಯೇನು?

ಒಂಬತ್ತನೇ ತರಗತಿಗೆ ಧ್ರುವ ಪ್ರದೇಶಗಳ ಬಗ್ಗೆ ಹೇಳುತ್ತಿದ್ದಾಗ ಈ ವಿಷಯ ಪ್ರಸ್ತಾಪಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಅಷ್ಟು ಕಾಳಜಿ ಇರುವವರು ಅಲ್ಲಿಗೆ ಹೋಗುವುದೇ ಯಾಕೆ ಟೀಚರ್? ಹೋಗದಿದ್ದರೆ ಗುಂಡಿಯೇ ಆಗುವುದಿಲ್ಲವಲ್ಲ" ಎಂದಳು. ಇಡೀ ತರಗತಿ ನಕ್ಕಿತು. ನನಗೆ ಮಾತ್ರ ನಗಲಾಗಲಿಲ್ಲ. ಏಕೆಂದರೆ ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ ಸಂಗತಿಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಈ ಪ್ರಯಾಣ ಎಂಥದ್ದೆಂದು ನೋಡೋಣ. ಹೆಚ್ಚಿನ ಹಡಗುಗಳು ಹೊರಡುವುದು ಅರ್ಜೆಂಟೀನಾ ದೇಶದ ದಕ್ಷಿಣ ತುದಿಯ ಉಶುವಾಯ ಎಂಬ ಊರಿನಿಂದ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಬೇಸಿಗೆ. ಡ್ರೇಕ್ ಜಲಸಂಧಿ ಎಂಬ ಸುಮಾರು 800 ಕಿಲೋಮೀಟರ್ ಅಗಲದ ರಭಸದ ಕಡಲನ್ನು ದಾಟಲು ಎರಡು ದಿನ ಬೇಕು. ಆ ಎರಡು ದಿನ ಪ್ರಯಾಣಿಕರು ಸಮುದ್ರಬೇನೆಯಿಂದ ಹಾಸಿಗೆ ಹಿಡಿದು ಮಲಗುವುದೂ ಉಂಟು. ಅನಂತರ ಮಂಜುಗಡ್ಡೆಯ ಲೋಕ ಕಾಣಿಸಿಕೊಳ್ಳುತ್ತದೆ. ಅಲ್ಲಿ ಬಂದರಿಲ್ಲ, ಧಕ್ಕೆಯಿಲ್ಲ. ಹಡಗು ದೂರದಲ್ಲಿ ನಿಲ್ಲುತ್ತದೆ. ಹತ್ತು ಹನ್ನೆರಡು ಮಂದಿ ಕೂರುವ ರಬ್ಬರ್ ದೋಣಿಗಳಲ್ಲಿ ಜನರನ್ನು ದಡಕ್ಕೆ ಕರೆದೊಯ್ಯುತ್ತಾರೆ.

ಈ ನೆಲಕ್ಕೆ ಒಡೆಯರಿಲ್ಲ. ಏಳು ದೇಶಗಳು ತಮ್ಮ ಪಾಲೆಂದು ಹಕ್ಕು ಸಾಧಿಸಿದ್ದವು. ಆದರೆ 1959ರ ಡಿಸೆಂಬರ್ 1ರಂದು 12 ದೇಶಗಳು ಸಹಿ ಹಾಕಿದ ಒಪ್ಪಂದ ಆ ವಾದಗಳನ್ನೆಲ್ಲ ಬದಿಗಿಟ್ಟು, ಈ ಖಂಡವನ್ನು ಶಾಂತಿಗೆ ಮತ್ತು ವಿಜ್ಞಾನಕ್ಕೆ ಮೀಸಲಿಟ್ಟಿತು. 1983ರಲ್ಲಿ ಭಾರತವೂ ಇದಕ್ಕೆ ಸೇರಿತು. 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಪರಿಸರ ರಕ್ಷಣೆಯ ಇನ್ನೊಂದು ಒಡಂಬಡಿಕೆ ಆಯಿತು. 1998ರಲ್ಲಿ ಜಾರಿಗೆ ಬಂದ ಅದರ ಪ್ರಕಾರ ಅಲ್ಲಿ ಗಣಿಗಾರಿಕೆ ಇಲ್ಲ. ಹೊರಗಿನ ಪ್ರಾಣಿ, ಸಸಿಗಳನ್ನು ಸುಮ್ಮನೆ ಒಯ್ಯುವಂತಿಲ್ಲ. ಹಿಮಗಾಡಿ ಎಳೆಯುತ್ತಿದ್ದ ನಾಯಿಗಳನ್ನೂ 1994ರೊಳಗೆ ಹೊರಕ್ಕೆ ಸಾಗಿಸಬೇಕಾಯಿತು.

ಆದರೆ ಪೊಲೀಸ್ ಠಾಣೆಯೇ ಇಲ್ಲದ ಊರಿನಲ್ಲಿ ಕಾನೂನು ಪಾಲಿಸುವವರು ಯಾರು? ಇಲ್ಲಿ ಒಂದು ವಿಚಿತ್ರ ನಡೆಯಿತು. ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್ ಎಂಬ ಸ್ವೀಡಿಷ್ ಮೂಲದ ಅಮೆರಿಕನ್ ವ್ಯಾಪಾರಿ 1966ರಲ್ಲಿ ಬಾಡಿಗೆ ಹಡಗಿನಲ್ಲಿ ಪ್ರವಾಸಿಗರನ್ನು ಅಲ್ಲಿಗೆ ಕರೆದೊಯ್ದರು. 1969ರಲ್ಲಿ ಇದಕ್ಕೆಂದೇ ಒಂದು ಪುಟ್ಟ ಹಡಗನ್ನೂ ಕಟ್ಟಿಸಿದರು. ಕಣ್ಣಾರೆ ಕಂಡವನು ಆ ನೆಲದ ಪರ ಮಾತನಾಡುತ್ತಾನೆ ಎಂಬುದು ಅವರ ನಂಬಿಕೆಯಾಗಿತ್ತು. 1991ರಲ್ಲಿ ಇಂತಹ ಏಳು ಪ್ರವಾಸ ಸಂಸ್ಥೆಗಳು ಸೇರಿ ಐಎಎಟಿಒ ಎಂಬ ಅಂತಾರಾಷ್ಟ್ರೀಯ ಸಂಘ ಕಟ್ಟಿಕೊಂಡು ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡವು. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನಿಂದ ಯಾರೂ ನೆಲಕ್ಕೆ ಇಳಿಯುವಂತಿಲ್ಲ. ಒಂದು ಜಾಗದಲ್ಲಿ ಒಂದು ಸಲಕ್ಕೆ 100 ಮಂದಿಗಿಂತ ಹೆಚ್ಚು ಇಳಿಯಬಾರದು. 20 ಪ್ರವಾಸಿಗರಿಗೆ ಒಬ್ಬ ಮಾರ್ಗದರ್ಶಕನಾದರೂ ಇರಬೇಕು. ಒಂದು ಹಡಗು ಇರುವ ಕಡೆಗೆ ಅದೇ ಹೊತ್ತಿನಲ್ಲಿ ಇನ್ನೊಂದು ಹಡಗಿನವರು ಬರಬಾರದು.

ಚಿಕ್ಕ ಹಡಗು ಯಾಕೆ ಮೇಲು ಎನ್ನುವುದು ಇಲ್ಲಿ ಅರ್ಥವಾಗುತ್ತದೆ. 100 ಜನರ ಹಡಗಾದರೆ ಎಲ್ಲರೂ ಒಮ್ಮೆಲೇ ಇಳಿದು, ನಿಧಾನವಾಗಿ ನೋಡಿ, ಹಿಂದಿರುಗಬಹುದು. 400 ಜನರಾದರೆ ಅದೇ ಪೆಂಗ್ವಿನ್ ಗೂಡುಗಳ ಮುಂದೆ ನಾಲ್ಕು ಪಾಳಿ ನಡೆಯುತ್ತದೆ. ಮನೆಗೆ ನಾಲ್ಕು ನೆಂಟರು ಬರುವುದಕ್ಕೂ ಇಡೀ ಮದುವೆ ದಿಬ್ಬಣವೇ ಬಂದಿಳಿಯುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತಿರುವುದೇ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇಳಿಯುವ ಮುಂಚಿನ ಶುಚಿಯ ಕೆಲಸ. ಹಡಗಿನ ಒಂದು ಕೋಣೆಯಲ್ಲಿ ಎಲ್ಲರೂ ತಮ್ಮ ಜಾಕೆಟ್, ಚೀಲ, ಬೂಟು ತಂದು ಹರಡುತ್ತಾರೆ. ವ್ಯಾಕ್ಯೂಮ್ ಕ್ಲೀನರಿನಿಂದ ಜೇಬಿನ ಮೂಲೆಗಳನ್ನು ಎಳೆಯುತ್ತಾರೆ. ಅಂಟುಪಟ್ಟಿಗಳಲ್ಲಿ ಸಿಕ್ಕಿದ ಹುಲ್ಲಿನ ಬೀಜಗಳನ್ನು ಚಿಮಟದಿಂದ ಒಂದೊಂದಾಗಿ ತೆಗೆಯುತ್ತಾರೆ. ನಾವು ಅಕ್ಕಿಯನ್ನು ಮೊರದಲ್ಲಿ ಹಾಕಿ ಕಲ್ಲು ಆರಿಸುವ ಹಾಗೆ! ದಡಕ್ಕೆ ಹೋಗುವಾಗಲೂ ಬರುವಾಗಲೂ ಬೂಟುಗಳನ್ನು ಉಜ್ಜಿ, ರೋಗಾಣು ಕೊಲ್ಲುವ ದ್ರಾವಣದಲ್ಲಿ ಅದ್ದಬೇಕು.

ಇದು ಬರೀ ಮಡಿವಂತಿಕೆಯಲ್ಲ. 2007-08ರ ಬೇಸಿಗೆಯಲ್ಲಿ ಅಲ್ಲಿಗೆ ಹೋದವರ ಬಟ್ಟೆಬರೆಗಳನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ, ಬೀಜಗಳು ಸಿಕ್ಕಿದವರ ಬಳಿ ಸರಾಸರಿ ಒಂಬತ್ತೂವರೆ ಬೀಜಗಳಿದ್ದವು. ತಮಾಷೆಯೆಂದರೆ ಪ್ರವಾಸಿಗರಿಗಿಂತ ವಿಜ್ಞಾನಿಗಳ ಬಳಿಯೇ ಹೆಚ್ಚು ಬೀಜ! ಅಂಟಾರ್ಕ್ಟಿಕದಲ್ಲಿ ಸ್ವಂತದ್ದೆಂದು ಹೂ ಬಿಡುವ ಸಸ್ಯಗಳು ಎರಡೇ. ಹೊರಗಿನಿಂದ ಬಂದ ಒಂದು ಜಾತಿಯ ಹುಲ್ಲು ಈಗಾಗಲೇ ಕಿಂಗ್ ಜಾರ್ಜ್ ದ್ವೀಪದ ಸಂಶೋಧನಾ ಕೇಂದ್ರವೊಂದರ ಸುತ್ತ ಬೇರೂರಿತ್ತು.

ಒಮ್ಮೆ ಒಳಗೆ ಬಂದದ್ದನ್ನು ಹೊರಹಾಕುವುದು ಎಷ್ಟು ಕಷ್ಟವೆಂಬುದಕ್ಕೆ ಅಂಟಾರ್ಕ್ಟಿಕದ ದಾರಿಯಲ್ಲಿ ಸಿಗುವ ದಕ್ಷಿಣ ಜಾರ್ಜಿಯ ದ್ವೀಪವೇ ಸಾಕ್ಷಿ. ಸೀಲ್ ಮತ್ತು ತಿಮಿಂಗಿಲಗಳನ್ನು ಬೇಟೆಯಾಡಲು ಬಂದವರ ಹಡಗುಗಳಿಂದ ಇಲಿಗಳು ಇಳಿದಿದ್ದವು. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ, ಮರಿಗಳನ್ನು ಅವು ತಿಂದು ಹಾಕಿದವು. ಪಿಪಿಟ್ ಎಂಬ ಪುಟ್ಟ ಹಾಡುಹಕ್ಕಿಯ ಒಂದು ಜಾತಿ ಲೋಕದಲ್ಲಿ ಇರುವುದೇ ಆ ದ್ವೀಪದಲ್ಲಿ. ಅದೂ ಇಲಿಗಳಿಲ್ಲದ ಸಣ್ಣ ನಡುಗಡ್ಡೆಗಳಿಗೆ ಸೀಮಿತವಾಯಿತು. ಕೊನೆಗೆ 2011ರಿಂದ 2015ರ ನಡುವೆ ಹೆಲಿಕಾಪ್ಟರ್‌ಗಳಿಂದ 300 ಟನ್‌ಗೂ ಹೆಚ್ಚು ಇಲಿಪಾಷಾಣದ ಉಂಡೆಗಳನ್ನು ಸುರಿಯಬೇಕಾಯಿತು. ಬಳಿಕ ನಾಯಿಗಳನ್ನು ಬಿಟ್ಟು ಮೂಸಿಸಿ, 2018ರಲ್ಲಿ ದ್ವೀಪ ಇಲಿಮುಕ್ತವೆಂದು ಸಾರಿದರು. ಈಗ ಅಲ್ಲಿ ಪಿಪಿಟ್ ಮತ್ತೆ ಹಾಡುತ್ತಿದೆ. ಯಾರದೋ ಹಡಗಿನಿಂದ ಇಳಿದ ಒಂದಿಷ್ಟು ಇಲಿಗಳಿಗೆ ಇಷ್ಟು ದೊಡ್ಡ ಪ್ರಾಯಶ್ಚಿತ್ತ!

2023ರ ಅಕ್ಟೋಬರ್‌ನಲ್ಲಿ ಇದೇ ದ್ವೀಪಕ್ಕೆ ಹಕ್ಕಿಜ್ವರ ತಲುಪಿತು. 2024ರ ಫೆಬ್ರವರಿಯಲ್ಲಿ ಅದು ಅಂಟಾರ್ಕ್ಟಿಕ ಖಂಡದಲ್ಲೂ ಖಚಿತವಾಯಿತು. ತಂದದ್ದು ಹಾರುವ ಹಕ್ಕಿಗಳೇ ಇರಬೇಕು. ಆದರೂ ಪ್ರವಾಸಿಗರ ಮೇಲಿನ ಕಟ್ಟುಪಾಡು ಬಿಗಿಯಾಯಿತು. ಈಗ ಅಲ್ಲಿ ನೆಲದ ಮೇಲೆ ಕೂರುವಂತಿಲ್ಲ, ಮೊಣಕಾಲೂರುವಂತಿಲ್ಲ, ಚೀಲ ಇಡುವಂತಿಲ್ಲ. ಪೆಂಗ್ವಿನ್‌ಗಳಿಂದ ಐದು ಮೀಟರ್ ದೂರ ನಿಲ್ಲಬೇಕೆಂಬುದು ಹಳೆಯ ನಿಯಮ. ಅವು ಓಡಾಡಿ ಹಿಮದಲ್ಲಿ ಸವೆಸಿದ ದಾರಿಗೆ ಅಡ್ಡ ನಿಲ್ಲಬಾರದು. ತಿಂಡಿ ಒಯ್ಯುವಂತಿಲ್ಲ. ಒಂದು ಗರಿ, ಒಂದು ಕಲ್ಲು ಕೂಡ ನೆನಪಿಗೆಂದು ತರುವಂತಿಲ್ಲ. ನಿಮ್ಮ ಮನಸ್ಸಿನಲ್ಲಿ ಬಂದ ಪ್ರಶ್ನೆ ನನಗೂ ಬಂದಿತ್ತು. ಹೌದು, ಶೌಚಕ್ಕೂ ಅಲ್ಲಿ ಅವಕಾಶವಿಲ್ಲ. ಅವಸರವಾದರೆ ದೋಣಿ ಹತ್ತಿ ಹಡಗಿಗೆ ವಾಪಸಾಗಬೇಕು.

ಇಷ್ಟೆಲ್ಲ ಕೇಳಿದಾಗ ಇದು ಆದರ್ಶ ಪ್ರವಾಸವೆಂದು ತೋರುತ್ತದೆ. ಆದರೆ ಇನ್ನೊಂದು ಮುಖವೂ ಇದೆ. ಮಂಜುಗಡ್ಡೆಯ ಕಡಲಿನಲ್ಲಿ ಒಳ್ಳೆಯ ಉದ್ದೇಶವೊಂದೇ ಹಡಗನ್ನು ತೇಲಿಸುವುದಿಲ್ಲ. 1989ರ ಜನವರಿಯಲ್ಲಿ ಪ್ರವಾಸಿಗರನ್ನೂ ಕರೆದುಕೊಂಡು ಹೋಗಿದ್ದ ಅರ್ಜೆಂಟೀನಾದ ಬಹಿಯಾ ಪರೈಸೊ ಎಂಬ ಸರಕು ಹಡಗು ಬಂಡೆಗೆ ಬಡಿದು ಡೀಸೆಲ್ ಚೆಲ್ಲಿತು. ಲಿಂಡ್‌ಬ್ಲಾಡ್ ಕಟ್ಟಿಸಿದ್ದ ಆ ಪುಟ್ಟ ಹಡಗು, ಆಗ ಅದರ ಹೆಸರು ಎಕ್ಸ್‌ಪ್ಲೋರರ್, 2007ರ ನವೆಂಬರ್ 23ರಂದು ಮಂಜುಗಡ್ಡೆ ತಾಗಿ ಅಲ್ಲೇ ಮುಳುಗಿತು. 154 ಮಂದಿ ಚಳಿಯಲ್ಲಿ ಗಂಟೆಗಟ್ಟಲೆ ಜೀವರಕ್ಷಕ ದೋಣಿಗಳಲ್ಲಿ ಕುಳಿತಿದ್ದರು. ಹತ್ತಿರ ಬೇರೆ ಹಡಗು ಇದ್ದುದರಿಂದ ಎಲ್ಲರೂ ಬದುಕಿದರು. ಹಡಗಿನ ಎಣ್ಣೆ ಕಡಲಿಗೆ ಸೇರಿತು. 2011ರ ಆಗಸ್ಟ್‌ನಿಂದ, ಒಮ್ಮೆ ಚೆಲ್ಲಿದರೆ ತೊಳೆಯಲಾಗದ ದಪ್ಪ ಇಂಧನ ತೈಲವನ್ನು ಅಲ್ಲಿನ ಹಡಗುಗಳಲ್ಲಿ ಒಯ್ಯುವುದನ್ನೇ ನಿಷೇಧಿಸಲಾಗಿದೆ. 2017ರಿಂದ ಧ್ರುವ ಪ್ರದೇಶದ ಹಡಗುಗಳಿಗೆ ಪ್ರತ್ಯೇಕ ಸುರಕ್ಷಾ ನಿಯಮಾವಳಿಯೂ ಬಂತು.

ಹೊಗೆಯನ್ನು ಮಾತ್ರ ಯಾರೂ ಚಿಮಟದಿಂದ ಆರಿಸಿ ತೆಗೆಯಲಾರರು. ಹಡಗುಗಳ ಮಸಿ ಬಿಳಿ ಹಿಮದ ಮೇಲೆ ಕೂರುತ್ತದೆ. ಕಪ್ಪಾದ ಹಿಮ ಬಿಸಿಲನ್ನು ಹೀರಿ ಬೇಗ ಕರಗುತ್ತದೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಬ್ಬೊಬ್ಬ ಪ್ರವಾಸಿಯ ಲೆಕ್ಕಕ್ಕೆ ಸುಮಾರು 83 ಟನ್ ಹಿಮ ಬೇಗ ಕರಗುತ್ತದೆಂದು ಅಂದಾಜಿಸಿದೆ. ಬೂಟು ಉಜ್ಜಿ, ಗುಂಡಿ ಮುಚ್ಚಿ ಬಂದವನ ಲೆಕ್ಕವೂ ಇದರಲ್ಲಿ ಸೇರಿದೆ! ಒಂದು ಮಾತು ಒಪ್ಪಿಕೊಳ್ಳಲೇಬೇಕು: ಜನ ಕಡಿಮೆ ಇರುವುದರಿಂದ ಚಿಕ್ಕ ಹಡಗಿನಲ್ಲಿ ತಲಾ ಇಂಧನದ ಖರ್ಚು ಸಾಮಾನ್ಯವಾಗಿ ಹೆಚ್ಚೇ. ಅಲ್ಲಿಗೆ ತಲುಪುವ ವಿಮಾನಯಾನದ ಹೊಗೆ ಬೇರೆ. ರೋಲ್ಡ್ ಅಮುಂಡ್ಸೆನ್ ಎಂಬ ನಾರ್ವೆಯ ಹಡಗು 2019ರಲ್ಲಿ ಬ್ಯಾಟರಿಯ ನೆರವಿನೊಂದಿಗೆ ಕಡಲಿಗಿಳಿಯಿತಾದರೂ ಅದಕ್ಕೂ ಇಂಧನ ಬೇಕು.

ಸಂಖ್ಯೆಯನ್ನು ನೋಡಿ. 1992-93ರಲ್ಲಿ ಅಲ್ಲಿಗೆ ಹೋದವರು 7 ಸಾವಿರಕ್ಕಿಂತ ಕಡಿಮೆ. 2023-24ರಲ್ಲಿ 1 ಲಕ್ಷ 20 ಸಾವಿರಕ್ಕೂ ಹೆಚ್ಚು. ಒಂದು ಜಾಗಕ್ಕೆ 100 ಮಂದಿ ಎಂಬ ಮಿತಿ ಇದೆಯೇ ಹೊರತು ಇಡೀ ಖಂಡಕ್ಕೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇಲ್ಲ. ನನ್ನ ದೃಷ್ಟಿಯಲ್ಲಿ ಈ ಇಡೀ ವ್ಯವಸ್ಥೆಯ ದೊಡ್ಡ ಕೊರತೆ ಇದೇ. 2024ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಕೊಚ್ಚಿಯಲ್ಲೇ ಅಂಟಾರ್ಕ್ಟಿಕ ಒಪ್ಪಂದದ ದೇಶಗಳ ಸಭೆ ಸೇರಿ, ಪ್ರವಾಸೋದ್ಯಮಕ್ಕೊಂದು ಸಮಗ್ರ ನಿಯಮ ಚೌಕಟ್ಟು ರೂಪಿಸುವ ಬಗ್ಗೆ ಚರ್ಚಿಸಿತು. ಎಲ್ಲ ದೇಶಗಳೂ ಒಮ್ಮತಕ್ಕೆ ಬರಬೇಕಾದ್ದರಿಂದ ಕೆಲಸ ಆಮೆನಡಿಗೆಯದ್ದು.

ಒಡೆಯರಿರುವ ನೆಲದಲ್ಲಿ ಇದು ಸುಲಭ. ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳು ನಾರ್ವೆಯ ಅಧೀನದಲ್ಲಿವೆ. 2025ರ ಜನವರಿಯಿಂದ ಅಲ್ಲಿನ ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗು ಬರುವಂತಿಲ್ಲ. ಹಿಮಕರಡಿಗಳಿಂದ ಕನಿಷ್ಠ 300 ಮೀಟರ್, ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್ ದೂರವಿರಬೇಕು. ಉತ್ತರದಲ್ಲಿ ಮನುಷ್ಯರೂ ವಾಸಿಸುತ್ತಾರೆ ಎಂಬುದನ್ನು ಮರೆಯಬಾರದು. 2016ರಲ್ಲಿ ಕ್ರಿಸ್ಟಲ್ ಸೆರೆನಿಟಿ ಎಂಬ ದೊಡ್ಡ ಹಡಗು ಸುಮಾರು ಒಂದು ಸಾವಿರ ಪ್ರಯಾಣಿಕರೊಂದಿಗೆ ಕೆನಡಾದ ಉಲುಖಕ್ತೋಕ್ ಎಂಬ ಹಳ್ಳಿಗೆ ಬಂತು. ಹಳ್ಳಿಯ ಜನಸಂಖ್ಯೆ ಸುಮಾರು 400! ಗುಂಪು ಗುಂಪಾಗಿಯೇ ಇಳಿಸಿದರೆನ್ನಿ. ಆದರೂ ನಮ್ಮ ಒಂದು ಓಣಿಗೆ ಅಷ್ಟು ಜನ ಕ್ಯಾಮರಾ ಹಿಡಿದು ಬಂದರೆ ನಮಗೆ ಹೇಗನಿಸೀತು?

ನಮ್ಮವರೂ ಆ ಹಿಮ ತುಳಿದಿದ್ದಾರೆ. ಭಾರತದ ಮೊದಲ ಅಂಟಾರ್ಕ್ಟಿಕ ಯಾತ್ರೆಯ ನಾಯಕರು ಸಾಗರ ವಿಜ್ಞಾನಿ ಡಾ. ಸೈಯದ್ ಝಹೂರ್ ಖಾಸಿಮ್. 1981ರ ಡಿಸೆಂಬರ್‌ನಲ್ಲಿ 21 ಮಂದಿಯ ತಂಡದೊಂದಿಗೆ ಗೋವಾದಿಂದ ಹೊರಟು 1982ರ ಜನವರಿ 9ರಂದು ಅಲ್ಲಿ ಕಾಲಿಟ್ಟರು. 1983ರಲ್ಲಿ ಹೊರಟ ಮೂರನೇ ತಂಡದಲ್ಲಿ ಸುದೀಪ್ತಾ ಸೇನ್‌ಗುಪ್ತಾ ಮತ್ತು ಅದಿತಿ ಪಂತ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳಿದ್ದರು. 2022ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯಂತೆ ಈಗ ಭಾರತದಿಂದ ಹೊರಡುವ ಯಾತ್ರೆಗಳಿಗೆ ಪರವಾನಗಿ ಬೇಕು.

ಇದು ಲಕ್ಷಾಂತರ ರೂಪಾಯಿಯ ಪ್ರವಾಸ, ನಮಗೇಕೆ ಎಂದು ನೀವು ಕೇಳಬಹುದು. ಆದರೆ ಹೊರದೇಶದಲ್ಲಿ ದುಡಿಯುವ ನಿಮ್ಮ ಮಗನೋ ತಮ್ಮನೋ ನಾಳೆ ಇಂತಹ ಟಿಕೆಟ್ ಬಗ್ಗೆ ಫೋನ್ ಮಾಡಬಹುದು. ಆಗ ಕೇಳಿ: ಹಡಗಿನಲ್ಲಿ ಎಷ್ಟು ಜನ? ಐಎಎಟಿಒ ಸದಸ್ಯತ್ವ ಇದೆಯೇ? ಎಷ್ಟು ಜನರಿಗೆ ಒಬ್ಬ ಮಾರ್ಗದರ್ಶಕ? ಯಾವ ಇಂಧನ? ಈ ನಾಲ್ಕಕ್ಕೆ ನೇರ ಉತ್ತರ ಕೊಡದ ಕಂಪೆನಿಯ ಹಡಗು ಹತ್ತಬೇಡ ಎನ್ನಿ.

ಆ ಹುಡುಗಿಗೆ ನಾನಿನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಉಚಿತ ಟಿಕೆಟ್ ಸಿಕ್ಕಿದರೆ ನಾನು ಹೋಗುತ್ತೇನೆಯೇ ಎಂದು ಅವಳು ಮತ್ತೆ ಕೇಳಿದಳು. ಎರಡು ದಿನ ಯೋಚಿಸಿದೆ. ಹಿಂದಿನ ವಾರ 83 ಟನ್ನಿನ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದು, ನೀವೇ ಹೇಳಿ ಎಂದು ಅವರಿಗೇ ಬಿಟ್ಟೆ. ತರಗತಿ ಎರಡು ಪಾಲಾಯಿತು. ಗಂಟೆ ಬಾರಿಸಿದರೂ ವಾದ ನಿಲ್ಲಲಿಲ್ಲ.